ಹಳೆಯ ಗೋದಾಮುಗಳನ್ನು ಕೆಡವುವ ಮೊದಲು

ಮಾನ್ಯ ಸಂಪಾದಕರೇ,

ಕೊಪ್ಪಳ, ಗಂಗಾವತಿ, ರಾಯಚೂರು ಪಟ್ಟಣಗಳ ರೈಲು ನಿಲ್ದಾಣ ಮತ್ತು ಹಳೆಯ ಮಾರುಕಟ್ಟೆಗಳ ಆಸುಪಾಸಿನಲ್ಲಿ ಕೆಲಸ ನಿಂತುಹೋದ ಹತ್ತಿ ಜಿನ್ನಿಂಗ್ ಮಿಲ್ಲುಗಳು, ಎಣ್ಣೆ ಗಿರಣಿಗಳು, ದಾಸ್ತಾನು ಗೋದಾಮುಗಳು ಪಾಳುಬಿದ್ದಿರುವುದನ್ನು ತಮ್ಮ ಪತ್ರಿಕೆಯ ಓದುಗರು ದಿನನಿತ್ಯ ನೋಡುತ್ತಲೇ ಇದ್ದಾರೆ. ಅವುಗಳ ಮಾತು ಬಂದಾಗಲೆಲ್ಲ ಕೇಳಿಬರುವ ಸಲಹೆ ಒಂದೇ: ಕೆಡವಿ, ಅಲ್ಲೊಂದು ವಾಣಿಜ್ಯ ಸಂಕೀರ್ಣ ಕಟ್ಟಬೇಕು. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹಳೆಯ ಕಟ್ಟಡಗಳ ಮೇಲಿನ ಅಭಿಮಾನ ಇದಕ್ಕೆ ಕಾರಣವಲ್ಲ. ಇಂಥದೇ ಗೋದಾಮುಗಳ ಓಣಿಯೊಂದು ಕೈಕಸುಬಿನವರಿಗೂ ಸಣ್ಣ ಬೆಳೆಗಾರರಿಗೂ ಅನ್ನ ಕೊಡುವ ಜಾಗವಾಗಿ ಬದಲಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದೇ ಓಣಿಯಲ್ಲಿ ಆಗಬಾರದ ಒಂದು ಸಂಗತಿ ಆದದ್ದೂ ನನ್ನ ಗಮನಕ್ಕೆ ಬಂದಿದೆ. ಎರಡನ್ನೂ ನಮ್ಮ ಜಿಲ್ಲೆಯ ಜನರ ಮುಂದಿಡುವುದು ಈ ಪತ್ರದ ಉದ್ದೇಶ.

ನಾನು ಹೇಳುತ್ತಿರುವುದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಾಂಟಾ ಬಾರ್ಬರಾ ಎಂಬ ಕರಾವಳಿ ಪಟ್ಟಣದ ಫಂಕ್ ಝೋನ್ ಬಡಾವಣೆಯನ್ನು ಕುರಿತು. ಮಗಳು ಆ ರಾಜ್ಯದಲ್ಲಿ ಉದ್ಯೋಗದಲ್ಲಿರುವುದರಿಂದ ಅಲ್ಲಿ ಅವಸರವಿಲ್ಲದೆ ತಿರುಗಾಡಲು, ಅಂಗಡಿಯವರನ್ನೂ ಕಲಾವಿದರನ್ನೂ ಮಾತನಾಡಿಸಲು ಅವಕಾಶ ದೊರೆಯಿತು. ಲಾಸ್ ಏಂಜಲೀಸಿನಿಂದ ವಾಯವ್ಯಕ್ಕೆ ಸುಮಾರು 150 ಕಿಲೋಮೀಟರ್ ದೂರದಲ್ಲಿರುವ ಆ ಊರಿನ ಭೂಗೋಳವೇ ವಿಶೇಷವಾದದ್ದು. ಅಮೆರಿಕದ ಪಶ್ಚಿಮ ಕರಾವಳಿಯ ಬಹುಭಾಗ ಪಶ್ಚಿಮಕ್ಕೆ ಮುಖಮಾಡಿದ್ದರೆ, ಈ ಊರಿನ ಬಳಿ ದಡ ಪೂರ್ವ-ಪಶ್ಚಿಮವಾಗಿ ತಿರುಗಿರುವುದರಿಂದ ಸಮುದ್ರ ದಕ್ಷಿಣಕ್ಕೆ ಕಾಣುತ್ತದೆ, ಬೆನ್ನಿಗೆ ಉತ್ತರದಲ್ಲಿ ಬೆಟ್ಟಸಾಲು ನಿಂತಿರುತ್ತದೆ. ಸಮುದ್ರಕ್ಕೂ 101ನೇ ಹೆದ್ದಾರಿಗೂ ನಡುವೆ, ರೈಲು ಹಳಿಯ ಪಕ್ಕದಲ್ಲಿ ಫಂಕ್ ಝೋನ್ ಇದೆ. ರೈಲು ಇಳಿದವರು ಕೆಲವೇ ನಿಮಿಷ ನಡೆದರೆ ಅದರೊಳಗಿರುತ್ತಾರೆ. ನಿಲ್ದಾಣದ ಹತ್ತಿರವೇ 1870ರ ದಶಕದಲ್ಲಿ ನೆಟ್ಟ, ಆಸ್ಟ್ರೇಲಿಯಾ ಮೂಲದ ಬೃಹತ್ ಅತ್ತಿ ಜಾತಿಯ ಮರವೊಂದಿದೆ. ನಮ್ಮ ಆಲದ ಕುಲಕ್ಕೇ ಸೇರಿದ ಅದರ ಬೇರುಗಳು ನೆಲದ ಮೇಲೆ ಗೋಡೆಗಳಂತೆ ಎದ್ದು ನಿಂತಿವೆ. ನಗರದವರು ಅದನ್ನು ಉಳಿಸಿಕೊಂಡು ಬಂದಿರುವ ರೀತಿಯನ್ನು ಕಂಡಾಗಲೇ ಆ ಊರಿನ ಮೇಲೆ ನನಗೆ ಗೌರವ ಮೂಡಿತು.

ಫಂಕ್ ಝೋನಿನ ಓಣಿಗಳು ನೋಡಲು ಅಂಥ ಚಂದವಿಲ್ಲ ಎಂಬುದನ್ನು ಮೊದಲೇ ಹೇಳಬೇಕು. 1925ರ ಜೂನ್ 29ರ ಭೂಕಂಪದಲ್ಲಿ ಸಾಂಟಾ ಬಾರ್ಬರಾದ ಪೇಟೆ ಕುಸಿದುಬಿದ್ದ ನಂತರ, ಬಿಳಿ ಗಾರೆಯ ಗೋಡೆ ಮತ್ತು ಕೆಂಪು ಹೆಂಚಿನ ಸ್ಪ್ಯಾನಿಷ್ ಶೈಲಿಯಲ್ಲಿ ಊರನ್ನು ಮತ್ತೆ ಕಟ್ಟಲಾಯಿತು. ಇಂದಿಗೂ ಪೇಟೆಯ ಮುಖ್ಯ ಬೀದಿಗಳಲ್ಲಿ ಆ ಶಿಸ್ತು ಎದ್ದು ಕಾಣುತ್ತದೆ. ಆದರೆ ಹಳಿಯಿಂದ ಸಮುದ್ರದ ಕಡೆಗಿದ್ದ ಈ ಭಾಗ ಮೀನು ಸಂಸ್ಕರಿಸುವವರ, ದೋಣಿ ರಿಪೇರಿಯವರ, ಸರಕು ದಾಸ್ತಾನು ಮಾಡುವವರ ಜಾಗವಾಗಿತ್ತು. 1872ರಲ್ಲಿ ಕಟ್ಟಿದ ಸ್ಟರ್ನ್ಸ್ ವಾರ್ಫ್ ಎಂಬ ಮರದ ಹಡಗುಕಟ್ಟೆ ಇದರ ಮಗ್ಗುಲಲ್ಲೇ ಇದೆ. ಮುಂಬಯಿ ಮತ್ತು ಮದ್ರಾಸಿನ ರೈಲುಮಾರ್ಗಗಳು ನಮ್ಮ ರಾಯಚೂರಿನಲ್ಲಿ ಬಂದು ಕೂಡಿದ್ದು ಅದಕ್ಕೆ ಒಂದು ವರ್ಷ ಮೊದಲು, 1871ರಲ್ಲಿ. ಎರಡೂ ಕಡೆ ಸರಕು ಬಂದಿತು, ಸರಕಿನ ಹಿಂದೆ ಗೋದಾಮುಗಳು ಬಂದವು. ಫಂಕ್ ಝೋನಿನಲ್ಲಿ ಇಂದಿಗೂ ಕಾಣುವುದು ತಗಡಿನ ಚಾವಣಿ, ಸಿಮೆಂಟ್ ಇಟ್ಟಿಗೆಯ ಗೋಡೆ, ಲಾರಿ ಒಳಬರುವಷ್ಟು ಅಗಲದ ಬಾಗಿಲು. ವ್ಯತ್ಯಾಸವೆಂದರೆ ಆ ಗೋಡೆಗಳ ಮೇಲೆ ಆಳೆತ್ತರದ ಚಿತ್ರಗಳಿವೆ, ಬಾಗಿಲುಗಳ ಒಳಗೆ ಜನ ಕೆಲಸ ಮಾಡುತ್ತಿದ್ದಾರೆ.

ಈ ಬದಲಾವಣೆ ಯಾವುದೋ ಯೋಜನೆಯ ಉದ್ಘಾಟನೆಯಿಂದ ಆದದ್ದಲ್ಲ. ಹಳೆಯ ಉದ್ಯೋಗಗಳು ಇಳಿಮುಖವಾದಾಗ ಶೆಡ್ಡುಗಳ ಬಾಡಿಗೆ ಕಡಿಮೆಯಿತ್ತು, ಒಳಗೆ ಜಾಗ ಧಾರಾಳವಾಗಿತ್ತು, ಸದ್ದು ಮಾಡಿದರೆ ಆಕ್ಷೇಪಿಸಲು ಅಕ್ಕಪಕ್ಕದಲ್ಲಿ ಮನೆಗಳು ಹೆಚ್ಚಿರಲಿಲ್ಲ. ಅಲೆಯ ಮೇಲೆ ಜಾರುವ ಸರ್ಫ್ ಹಲಗೆಗಳನ್ನು ಕೈಯಿಂದ ಉಜ್ಜಿ ರೂಪಿಸುವವರು, ಶಿಲ್ಪಿಗಳು, ಚಿತ್ರಕಾರರು, ಕುಂಬಾರಿಕೆ ಮಾಡುವವರು ಅಲ್ಲಿ ನೆಲೆಯೂರಿದರು. ದೂಳು, ಬಣ್ಣ, ರಾಳದ ವಾಸನೆ ಇವೆಲ್ಲ ಅವರ ಕೆಲಸದ ಭಾಗವಾದ್ದರಿಂದ ಹೊಸ ಹೊಳಪಿನ ಮಳಿಗೆಗಿಂತ ಹಳೆಯ ಗೋದಾಮೇ ಅವರಿಗೆ ಅನುಕೂಲವಾಯಿತು. ಇದನ್ನು ಒತ್ತಿ ಹೇಳಲು ಕಾರಣವಿದೆ. ನಾವು ಕರಕುಶಲಕರ್ಮಿಗಳಿಗೆಂದು ಏನಾದರೂ ಕಟ್ಟಿದರೆ ಮಾರಾಟದ ಮಳಿಗೆಯನ್ನೇ ಕಟ್ಟುತ್ತೇವೆ. ಕೆಲಸ ಮಾಡುವ ಜಾಗದ ವಿಚಾರ ನಮ್ಮ ತಲೆಗೆ ಬರುವುದೇ ಇಲ್ಲ.

ಇನ್ನು ವೈನಿನ ವಿಷಯ. ಆ ಜಿಲ್ಲೆಯಲ್ಲಿ ದ್ರಾಕ್ಷಿ ಹೊಸದಲ್ಲ, 1786ರಲ್ಲಿ ಅಲ್ಲಿ ಮಠ ಸ್ಥಾಪಿಸಿದ ಸ್ಪ್ಯಾನಿಷ್ ಪಾದ್ರಿಗಳ ಕಾಲದಿಂದಲೂ ಬಳ್ಳಿ ಇತ್ತು. ಆದರೆ 1920ರಿಂದ 1933ರವರೆಗೆ ಇಡೀ ಅಮೆರಿಕದಲ್ಲಿ ಪಾನನಿಷೇಧ ಜಾರಿಯಲ್ಲಿದ್ದಾಗ ಆ ಉದ್ಯಮ ನೆಲಕಚ್ಚಿತು. ನಿಷೇಧ ಹೋದ ಬಳಿಕ ಆ ಜಿಲ್ಲೆಯಲ್ಲಿ ಮೊದಲು ಆರಂಭವಾದ ಸಾಂಟಾ ಬಾರ್ಬರಾ ವೈನರಿ ಕಣ್ಣುಬಿಟ್ಟದ್ದು 1962ರಲ್ಲಿ, ಮತ್ತು ಅದು ನೆಲೆನಿಂತದ್ದು ಈಗ ಫಂಕ್ ಝೋನ್ ಎನಿಸಿಕೊಂಡಿರುವ ಓಣಿಯಲ್ಲಿ. ತೋಟಗಳು ಇರುವುದು ಊರಿನಲ್ಲಲ್ಲ, ಬೆಟ್ಟದಾಚೆ, ಸುಮಾರು 50 ಕಿಲೋಮೀಟರ್ ದೂರದ ಸಾಂಟಾ ಯನೆಜ್ ಕಣಿವೆ ಮತ್ತು ಅದರಾಚೆಗೆ. ಕ್ಯಾಲಿಫೋರ್ನಿಯಾದ ಬಹುತೇಕ ಬೆಟ್ಟಸಾಲುಗಳು ಉತ್ತರ-ದಕ್ಷಿಣವಾಗಿ ಹಬ್ಬಿದ್ದು ಸಮುದ್ರದ ಗಾಳಿಯನ್ನು ತಡೆದರೆ, ಇಲ್ಲಿಯವು ಪೂರ್ವ-ಪಶ್ಚಿಮವಾಗಿವೆ. ಹಾಗಾಗಿ ಪೆಸಿಫಿಕ್ ಸಾಗರದ ತಣ್ಣನೆಯ ಗಾಳಿಯೂ ಮಂಜೂ ಕಣಿವೆಯ ಬಾಯಿಯಿಂದ ನೇರ ಒಳಕ್ಕೆ ಹರಿದುಬರುತ್ತವೆ. ತಂಪು ಬಯಸುವ ಪಿನೋ ನುವಾರ್, ಶಾರ್ಡನೇ ತಳಿಗಳು ಅಲ್ಲಿ ನಿಧಾನವಾಗಿ ಪಕ್ವವಾಗಿ ಹುಳಿಯನ್ನು ಉಳಿಸಿಕೊಳ್ಳುವುದು ಇದರಿಂದಲೇ. ಸಮುದ್ರಕ್ಕೆ ಹತ್ತಿರದ ಸಾಂಟಾ ರೀಟಾ ಹಿಲ್ಸ್ ಪ್ರದೇಶಕ್ಕೆ 2001ರಲ್ಲಿ ಪ್ರತ್ಯೇಕ ದ್ರಾಕ್ಷಿ ಪ್ರದೇಶವೆಂಬ ಅಧಿಕೃತ ಮಾನ್ಯತೆ ದೊರೆತಿದೆ.

ಸಣ್ಣ ಬೆಳೆಗಾರನೊಬ್ಬ ಕಣಿವೆಯಲ್ಲಿ ಅತಿಥಿಗೃಹ, ವಾಹನ ನಿಲುಗಡೆ, ರಸ್ತೆ ಎಲ್ಲವನ್ನೂ ಮಾಡಿ ಗಿರಾಕಿಯನ್ನು ಕಾಯುವುದು ದುಬಾರಿ. ತೋಟದಿಂದ ದೂರದ ಊರಿನಲ್ಲೂ ಟೇಸ್ಟಿಂಗ್ ರೂಮ್, ಅಂದರೆ ಗಿರಾಕಿಗೆ ವೈನಿನ ರುಚಿ ತೋರಿಸುವ ಕೋಣೆ, ತೆರೆಯಲು ಅಲ್ಲಿನ ಕಾನೂನು ವೈನ್ ತಯಾರಕರಿಗೆ ಅವಕಾಶ ಕೊಡುತ್ತದೆ. ಆದ್ದರಿಂದ ಗೋದಾಮಿನ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿದು, ಪೀಪಾಯಿಗಳ ಮೇಲೆ ಹಲಗೆ ಹಾಸಿ, ತನ್ನ ವೈನನ್ನು ತಾನೇ ಪರಿಚಯಿಸುವ ವ್ಯವಸ್ಥೆ ಬೆಳೆಯಿತು. ಇಂಥ ಹಲವು ಕೋಣೆಗಳನ್ನು ಕಾಲ್ನಡಿಗೆಯಲ್ಲೇ ನೋಡಿ ಬರುವ ದಾರಿಗೆ ಅರ್ಬನ್ ವೈನ್ ಟ್ರೇಲ್ ಎಂದು ಹೆಸರು. ಶುಲ್ಕ ಕೊಟ್ಟವರ ಮುಂದೆ ನಾಲ್ಕೈದು ಬಗೆಯ ವೈನನ್ನು ಒಂದಾದ ಮೇಲೊಂದರಂತೆ ಕೆಲವೇ ಗುಟುಕು ಸುರಿಯುತ್ತಾರೆ. ಯಾವ ತೋಟದ ಹಣ್ಣು, ಯಾವ ವರ್ಷದ ಸುಗ್ಗಿ, ಎಷ್ಟು ಕಾಲ ಪೀಪಾಯಿಯಲ್ಲಿತ್ತು ಎಂಬುದನ್ನು ವಿವರಿಸುತ್ತಾರೆ. ರುಚಿ ನೋಡಿ ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಹಾಗೆ ಉಗುಳುವುದನ್ನು ಯಾರೂ ಅವಮಾನವೆಂದು ಭಾವಿಸುವುದಿಲ್ಲ. 21 ವರ್ಷ ತುಂಬದವರಿಗೆ ಕೊಡುವಂತಿಲ್ಲ, ಗ್ಲಾಸು ಹಿಡಿದು ಬೀದಿಗೆ ಬರುವಂತಿಲ್ಲ. ನಾನು ಮದ್ಯಪಾನ ಮಾಡುವವನಲ್ಲ. ಆದರೂ ಒಂದು ಕೋಣೆಯಲ್ಲಿ ಬಹಳ ಹೊತ್ತು ಕುಳಿತು, ಸುರಿಯುತ್ತಿದ್ದಾತ ಬಳ್ಳಿಯ ಬಗ್ಗೆ ಹೇಳುತ್ತಿದ್ದುದನ್ನು ಆಸಕ್ತಿಯಿಂದ ಕೇಳಿದೆ. ಅಲ್ಲಿ ಬಳ್ಳಿಯನ್ನು ಚಳಿಗಾಲದಲ್ಲಿ ಒಮ್ಮೆ ಸವರುತ್ತಾರೆ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕೊಯ್ಲು. ನಮ್ಮಲ್ಲಿ ಏಪ್ರಿಲ್ ಚಾಟನಿ, ಅಕ್ಟೋಬರ್ ಚಾಟನಿ ಎಂದು ವರ್ಷಕ್ಕೆ ಎರಡು ಬಾರಿ ಸವರಿ ಫೆಬ್ರುವರಿ-ಮಾರ್ಚ್ ಹೊತ್ತಿಗೆ ಹಣ್ಣು ಇಳಿಸುತ್ತೇವೆ ಎಂದು ನಾನು ಹೇಳಿದಾಗ ಆತ ಕೆಲಸ ಬಿಟ್ಟು ಕುಳಿತು ಪ್ರಶ್ನೆಗಳನ್ನು ಕೇಳಿದ. ಬೆಳೆಯ ವಿಷಯವನ್ನು ಬೆಳೆದವನ ಬಾಯಿಂದಲೇ ಕೇಳಬಹುದಾದ ಆ ವ್ಯವಸ್ಥೆಯೇ ಫಂಕ್ ಝೋನಿನ ನಿಜವಾದ ಆಕರ್ಷಣೆ ಎಂಬುದು ನನ್ನ ಅಭಿಪ್ರಾಯ.

ಕುಡಿಯದವರಿಗೆ ಅಲ್ಲಿ ಕೆಲಸವಿಲ್ಲ ಎಂದೇನೂ ಇಲ್ಲ. ಶಿಲ್ಪಿಯೊಬ್ಬರ ಶೆಡ್ಡು ಒಂದು ಕಡೆ, ಸರ್ಫ್ ಹಲಗೆಯ ಕೆಲಸ ಇನ್ನೊಂದು ಕಡೆ, 2017ರಲ್ಲಿ ತೆರೆದ ಮಾಕ್ಸಿ ಎಂಬ ಮಕ್ಕಳ ವಿಜ್ಞಾನ ಸಂಗ್ರಹಾಲಯ ಅಂಚಿನಲ್ಲಿ. ಮನೆಮಂದಿಯೆಲ್ಲ ಒಟ್ಟಿಗೆ ಬಂದು, ತಮ್ಮ ತಮ್ಮ ಆಸಕ್ತಿಗೆ ತಕ್ಕಂತೆ ಚದುರಿ, ಸಂಜೆಗೆ ಕಡಲ ದಂಡೆಯಲ್ಲಿ ಸೇರುತ್ತಾರೆ.

ಆಗಬಾರದ್ದು ಆದದ್ದು ಇದಾದ ಮೇಲೆ. 2010ರ ದಶಕದಲ್ಲಿ ಟೇಸ್ಟಿಂಗ್ ರೂಮುಗಳ ಜೊತೆಗೆ ರೆಸ್ಟೋರೆಂಟ್‌ಗಳು, ಬಿಯರ್ ತಯಾರಿಸಿ ಮಾರುವ ಜಾಗಗಳು ಹೆಚ್ಚಿದಂತೆ ಓಣಿಯ ಬೆಲೆ ಏರಿತು. ಯಾರ ಕೆಲಸ ನೋಡಲು ಜನ ಬರತೊಡಗಿದ್ದರೋ ಆ ಕಲಾವಿದರಲ್ಲಿ ಹಲವರಿಗೆ ಬಾಡಿಗೆ ಕಟ್ಟಲಾಗದೆ ಜಾಗ ಬಿಡಬೇಕಾಯಿತು. ನಗರದ ವಲಯ ನಿಯಮಗಳಲ್ಲಿ ಆ ಪ್ರದೇಶವನ್ನು ಸಮುದ್ರಕ್ಕೆ ಸಂಬಂಧಿಸಿದ ಉದ್ಯೋಗಗಳಿಗಾಗಿ ಗುರುತಿಸಿ, ಕಲೆಗೆ ಸಂಬಂಧಿಸಿದ ಬಳಕೆಗೂ ಸ್ಥಾನ ಕೊಟ್ಟಿದ್ದಾರೆ. ಅದರಿಂದ ದೊಡ್ಡ ಕಟ್ಟಡಗಳ ನುಗ್ಗಾಟ ತಡೆದಿರಬಹುದು, ಆದರೆ ಯಾವ ಬಳಕೆ ಎಂದು ಹೇಳುವ ನಿಯಮ ಎಷ್ಟು ಬಾಡಿಗೆ ಎಂದು ಹೇಳುವುದಿಲ್ಲ. ಖಾಸಗಿ ಮಾಲೀಕರ ಕೈಯಲ್ಲಿರುವ ಕಟ್ಟಡದಲ್ಲಿ ಶಿಲ್ಪಿಗಿಂತ ಹೋಟೆಲಿನವರು ಹೆಚ್ಚು ಕೊಡುತ್ತಾರೆ, ಮಾಲೀಕರು ಅವರಿಗೇ ಕೊಡುತ್ತಾರೆ. ಅಲ್ಲಿ ಮಾತನಾಡಿಸಿದ ಚಿತ್ರಕಾರರೊಬ್ಬರು ತಮ್ಮ ಗುತ್ತಿಗೆ ಮುಗಿದ ಮೇಲೆ ಎಲ್ಲಿಗೆ ಹೋಗುವುದೆಂದು ಚಿಂತಿಸುತ್ತಿದ್ದರು. ಅವರ ಚಿತ್ರದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದವರ ಸಂಖ್ಯೆಗೇನೂ ಕೊರತೆಯಿರಲಿಲ್ಲ.

ಈ ಅನುಭವವನ್ನು ನಮ್ಮ ಭಾಗಕ್ಕೆ ಹೊಂದಿಸಿ ನೋಡುವಾಗ ನಮ್ಮದೇ ಎರಡು ಘಟನೆಗಳು ನೆನಪಿಗೆ ಬರುತ್ತವೆ. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ, ನಮ್ಮದೇ ಜಿಲ್ಲೆಯ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ಉರುಳಿದವು. ಹಂಪಿ ವಿಶ್ವ ಪರಂಪರೆಯ ತಾಣ, ಅದರ ರಕ್ಷಣೆಯ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ನನ್ನ ಅಳಲು ಬೇರೆ. ಪ್ರವಾಸಿಗರು ಬಂದರೆ ಅವರಿಗೆ ಬೇಕಾದದ್ದು ಯಾವ ಯೋಜನೆಯೂ ಇಲ್ಲದೆ ತಾನಾಗಿ ಬೆಳೆಯಲು ಬಿಡುವುದು, ವರ್ಷಗಳ ನಂತರ ಅದು ನಿಯಮಬಾಹಿರವೆಂದು ಕೆಡವುವುದು, ಇವೆರಡರ ನಡುವೆ ಮೂರನೆಯ ದಾರಿಯನ್ನು ನಾವು ಹುಡುಕಿಲ್ಲ. ಸಂರಕ್ಷಿತ ಪ್ರದೇಶದ ಹೊರಗೆ, ಈಗಾಗಲೇ ನಿಂತಿರುವ ಕಟ್ಟಡಗಳಲ್ಲಿ, ಕಾನೂನಿನ ಚೌಕಟ್ಟಿನೊಳಗೆ ಪ್ರವಾಸಿಗರನ್ನು ಬರಮಾಡಿಕೊಳ್ಳಲು ಪಟ್ಟಣಗಳ ಹಳೆಯ ಗೋದಾಮುಗಳಿಗಿಂತ ಸೂಕ್ತವಾದ ಜಾಗ ಯಾವುದಿದೆ?

ಅಲ್ಲಿ ಕೂರಬೇಕಾದವರು ನಮ್ಮಲ್ಲಿ ಇದ್ದಾರೆ. ಕೊಪ್ಪಳದಿಂದ ಹತ್ತಿರದಲ್ಲೇ ಇರುವ ಕಿನ್ನಾಳದ ಚಿತ್ರಗಾರ ಕುಟುಂಬಗಳ ಗೊಂಬೆಗಳಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ. ಆದರೆ ಆ ಗೊಂಬೆ ಹೇಗೆ ಆಗುತ್ತದೆಂದು ಕೊಪ್ಪಳದ ಮಕ್ಕಳಲ್ಲೇ ಎಷ್ಟು ಮಂದಿ ನೋಡಿದ್ದಾರೆ? ಹಗುರ ಮರವನ್ನು ಕೊರೆದು, ಬಿಡಿಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಮೇಲೆ ಅದೇ ಅಂಟಿನಲ್ಲಿ ಹತ್ತಿಯನ್ನು ಅಂಟಿಸಿ, ಕಲ್ಲಿನ ಪುಡಿಯ ಲೇಪದಿಂದ ಒಡವೆಗಳ ಉಬ್ಬುಗೆಲಸ ಮಾಡಿ, ಕಡೆಗೆ ಬಣ್ಣ ಹಚ್ಚುವ ಆ ಕೆಲಸವನ್ನು ಅರ್ಧ ಗಂಟೆ ನಿಂತು ನೋಡಿದವರು ಗೊಂಬೆಯ ಬೆಲೆಯನ್ನು ಚೌಕಾಸಿ ಮಾಡುವುದಿಲ್ಲ. ಪ್ರದರ್ಶನ ಮಳಿಗೆಯ ಗಾಜಿನ ಹಿಂದೆ ಇಟ್ಟ ಗೊಂಬೆ ಈ ಕತೆಯನ್ನು ಹೇಳಲಾರದು. ಇದೇ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರ ಕಲೆಯನ್ನು ಹೊರಗಿನಿಂದ ಬಂದವರು ನೋಡಬೇಕೆಂದರೆ ಎಲ್ಲಿಗೆ ಕಳಿಸುವುದು ಎಂದು ಕೇಳಿದರೆ ನಮ್ಮ ಬಳಿ ಉತ್ತರವಿಲ್ಲ. ತೊಗಲುಗೊಂಬೆಗೆ ಬೇಕಾದದ್ದು ಕತ್ತಲಾಗುವ ವಿಶಾಲ ಕೋಣೆ, ಒಂದು ಪರದೆ, ಒಂದು ದೀಪ. ಹಳೆಯ ಜಿನ್ನಿಂಗ್ ಶೆಡ್ಡಿನಲ್ಲಿ ಅದಕ್ಕೆ ಏನು ಕೊರತೆ? ಭಾಗ್ಯನಗರದ ನೇಕಾರರು, ಸಂಡೂರಿನ ಲಂಬಾಣಿ ಕಸೂತಿಯವರು, ಕೌದಿ ಹೊಲಿಯುವ ಅವ್ವಂದಿರು, ಇವರೆಲ್ಲರಿಗೂ ಜಾಗ ಒದಗುತ್ತದೆ. ಹಂಪಿಗೂ ಅಂಜನಾದ್ರಿಗೂ ಬರುವ ಜನ ಕೊಪ್ಪಳ, ಗಂಗಾವತಿಗಳನ್ನು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಹೋಗುತ್ತಿದ್ದಾರೆ. ಅವರು ಇಳಿಯುವಂತಾಗಲು ಇಂಥ ಕಾರಣವೊಂದು ಬೇಕು.

ಇನ್ನು ದ್ರಾಕ್ಷಿ. ನಮ್ಮ ಜಿಲ್ಲೆಯಲ್ಲೂ ದ್ರಾಕ್ಷಿ ಬೆಳೆಯುತ್ತಾರೆ, ವೈನ್ ದ್ರಾಕ್ಷಿಯ ತೋಟವೂ ವೈನರಿಯೂ ಹಂಪಿ ಸೀಮೆಯ ಗುಡ್ಡಗಳಲ್ಲಿವೆ. ವೈನ್ ಅಂಗಡಿ ಎಂದರೆ ನಮ್ಮ ಹೆಣ್ಣುಮಕ್ಕಳಿಗೆ ಏನು ನೆನಪಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು. 2019ರ ಜನವರಿಯಲ್ಲಿ ಮದ್ಯನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದ ಸಾವಿರಾರು ಮಹಿಳೆಯರಲ್ಲಿ ರಾಯಚೂರು ಸೀಮೆಯವರು ಮುಂಚೂಣಿಯಲ್ಲಿದ್ದರು. ಕುಡಿತದಿಂದ ಮನೆ ಹಾಳಾದದ್ದನ್ನು ಕಂಡವರ ಮುಂದೆ ರುಚಿ, ಸಂಸ್ಕೃತಿ ಎಂದು ಮಾತನಾಡುವುದು ನನ್ನಿಂದಾಗದು. ರಾಜ್ಯ ಸರ್ಕಾರ ಸಾರಾಯಿಯನ್ನು ನಿಲ್ಲಿಸಿದ್ದೂ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದದ್ದೂ 2007ರಲ್ಲೇ. ಬಡವನ ಮನೆ ಕೆಡಿಸುವ ಕುಡಿತ ಬೇರೆ, ಬೆಳೆಗಾರನಿಗೆ ಮೌಲ್ಯ ತಂದುಕೊಡುವ ಉದ್ಯಮ ಬೇರೆ ಎಂಬ ವಿವೇಚನೆಗೆ ಆಗಲೇ ಅವಕಾಶವಿತ್ತು. ಆದರೂ ನನ್ನ ಸಲಹೆಯಲ್ಲಿ ವೈನಿಗೆ ಮೊದಲ ಸ್ಥಾನವಿಲ್ಲ. ಮೊದಲು ಕಲಾವಿದರು ಬಂದು ನೆಲೆಯೂರಲಿ. ಅವರ ಜೊತೆ ದ್ರಾಕ್ಷಿ, ದಾಳಿಂಬೆ ಬೆಳೆಗಾರರು ತಾಜಾ ರಸ, ಒಣದ್ರಾಕ್ಷಿ, ತಮ್ಮ ಹಣ್ಣಿನ ಬೇರೆ ಬೇರೆ ತಳಿಗಳನ್ನು ರುಚಿ ತೋರಿಸಿ ಮಾರಲಿ. ಫಂಕ್ ಝೋನಿನ ಕೋಣೆಗಳಲ್ಲಿ ಬೆಳೆಗಾರ ತನ್ನ ವೈನಿನ ಕುರಿತು ಹೇಳುವಷ್ಟೇ ಪ್ರೀತಿಯಿಂದ ನಮ್ಮ ರೈತ ತನ್ನ ದಾಳಿಂಬೆಯ ಕುರಿತು ಹೇಳಬಲ್ಲ. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಸೋನಾಮಸೂರಿಯ ಹೊಸ ಅಕ್ಕಿಯನ್ನೂ ಹಳೆಯ ಅಕ್ಕಿಯನ್ನೂ ಬೇಯಿಸಿ ಪಕ್ಕಪಕ್ಕದಲ್ಲಿಟ್ಟು ಉಣಿಸಿದರೆ ಅದನ್ನು ನೋಡಲು ಜನ ಬರುತ್ತಾರೆಂಬ ವಿಶ್ವಾಸ ನನಗಿದೆ. ವೈನರಿಯವರು ಮುಂದೆ ಎಂದಾದರೂ ಒಂದು ಕೋಣೆ ಕೇಳಿದರೆ, ಆ ಓಣಿಯ ಕಲಾವಿದರ ಮತ್ತು ಸುತ್ತಲಿನ ಮಹಿಳಾ ಸ್ವಸಹಾಯ ಸಂಘಗಳ ಒಪ್ಪಿಗೆ ಪಡೆದ ನಂತರವೇ ಅಬಕಾರಿ ಇಲಾಖೆ ವಿಚಾರ ಮಾಡಲಿ. ಅವರು ಬೇಡವೆಂದರೆ ಅದು ಅಲ್ಲಿಗೇ ಮುಗಿಯಬೇಕು.

ಜಿಲ್ಲಾಡಳಿತಕ್ಕೂ ನಗರಸಭೆಗಳಿಗೂ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೂ ನನ್ನ ವಿನಂತಿ ಹೀಗಿದೆ. ಸರ್ಕಾರದ, ನಗರಸಭೆಯ ಅಥವಾ ಎಪಿಎಂಸಿಯ ಒಡೆತನದಲ್ಲಿದ್ದು ಬಳಕೆಯಲ್ಲಿಲ್ಲದ ಗೋದಾಮುಗಳ ಪಟ್ಟಿಯನ್ನು ಮೊದಲು ಪ್ರಕಟಿಸಬೇಕು, ಪಟ್ಟಿ ಹೊರಬರುವ ತನಕ ಅವುಗಳಲ್ಲಿ ಒಂದನ್ನೂ ಕೆಡವಬಾರದು. ಗಟ್ಟಿಯಿರುವ ಒಂದನ್ನು ಆಯ್ದು, ಚಾವಣಿ, ವಿದ್ಯುತ್, ನೀರು, ಶೌಚಾಲಯ ಇಷ್ಟನ್ನು ಸರಿಪಡಿಸಿದರೆ ಸಾಕು. ಕಮಾನು, ಕಾರಂಜಿ, ಸೆಲ್ಫಿ ಫಲಕಗಳಿಗೆ ಹಣ ಹಾಕಬಾರದು. ಸಾಂಟಾ ಬಾರ್ಬರಾದಲ್ಲಿ ಆದ ಅನ್ಯಾಯ ಇಲ್ಲಿ ಆಗದಂತೆ ಕಲಾವಿದರ ಸಹಕಾರ ಸಂಘದ ಹೆಸರಿಗೆ ದೀರ್ಘಾವಧಿ ಗುತ್ತಿಗೆ ಬರೆದುಕೊಟ್ಟು, ಬಾಡಿಗೆ ಎಷ್ಟು ಮತ್ತು ಅದು ಯಾವಾಗ, ಎಷ್ಟು ಏರಬಹುದು ಎಂಬುದನ್ನು ಗುತ್ತಿಗೆ ಪತ್ರದಲ್ಲೇ ನಮೂದಿಸಬೇಕು. ಒಳಗಿನ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೆಲಸ ಮಾಡುವ ಕಲಾವಿದರದ್ದೇ ಆಗಿರಬೇಕು, ಹೋಟೆಲು ಮತ್ತು ಮಾರಾಟದ ಅಂಗಡಿಗಳು ಉಳಿದದ್ದರಲ್ಲಿ ಇರಲಿ. ಖಾಸಗಿ ಮಾಲೀಕರು ಇದೇ ಷರತ್ತುಗಳಿಗೆ ಒಪ್ಪಿ ತಮ್ಮ ಗಿರಣಿ ಕೊಟ್ಟರೆ ಅವರಿಗೆ ಆಸ್ತಿ ತೆರಿಗೆಯಲ್ಲಿ ವಿನಾಯಿತಿ ನೀಡುವ ಬಗ್ಗೆ ಸರ್ಕಾರ ಯೋಚಿಸಬಹುದು.

ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಾಂತರ ಭಕ್ತರು ಕೊಪ್ಪಳಕ್ಕೆ ಬರುತ್ತಾರೆ. ಪ್ರಯೋಗಕ್ಕೆ ಅದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಜಾತ್ರೆಯ ದಿನಗಳ ಮಟ್ಟಿಗೆ ಒಂದು ಖಾಲಿ ಗೋದಾಮನ್ನು ಸ್ವಚ್ಛಗೊಳಿಸಿ ಕಿನ್ನಾಳದ ಕಲಾವಿದರಿಗೆ ಮತ್ತು ತೊಗಲುಗೊಂಬೆಯವರಿಗೆ ಕೆಲಸ ಮಾಡಲು ಬಿಟ್ಟುಕೊಡುವುದಕ್ಕೆ ದೊಡ್ಡ ಅನುದಾನವೇನೂ ಬೇಕಾಗಿಲ್ಲ. ನಗರಸಭೆಯ ಒಂದು ನಿರ್ಣಯ ಸಾಕು. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬೇಕೆಂದು ಸದಸ್ಯರನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಉಪನ್ಯಾಸಕ, ಕೊಪ್ಪಳ